ಮನೆ ಸೋಲಾರ್ ದೊಡ್ಡದು ಮಾಡುವುದು, ಬ್ಯಾಟರಿ ಸೇರಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ತುಮಕೂರಿನ ನಮ್ಮ ಮನೆ ತಾರಸಿ ಮೇಲೆ 2019ರಿಂದ 3 ಕಿಲೋವ್ಯಾಟ್ ಸೋಲಾರ್ ಇದೆ. 335 ವ್ಯಾಟ್‌ನ 9 ಪ್ಯಾನೆಲ್. ಆಗ ಮನೆಯಲ್ಲಿ ಎಸಿ ಇರಲಿಲ್ಲ, ಎಲೆಕ್ಟ್ರಿಕ್ ಸ್ಕೂಟರ್ ಇರಲಿಲ್ಲ, ಬಿಲ್ ಹೆಚ್ಚುಕಮ್ಮಿ ಫಿಕ್ಸೆಡ್ ಚಾರ್ಜ್‌ಗೇ ಮುಗಿದುಹೋಗುತ್ತಿತ್ತು. ಈಗ ಎರಡೂ ಬಂದಿವೆ. ಸೋಲಾರ್ ಕೊಟ್ಟಿದ್ದನ್ನು ಕಳೆದ ಮೇಲೂ ತಿಂಗಳಿಗೆ 280 ಯೂನಿಟ್ ಹೊರಗಿನಿಂದ ಕೊಳ್ಳುವ ಹಾಗಾಯಿತು. ಹಾಗಾಗಿ 540 ವ್ಯಾಟ್‌ನ 4 ಪ್ಯಾನೆಲ್ ಸೇರಿಸಿದೆವು, ಜೊತೆಗೆ 5 ಯೂನಿಟ್ ಹಿಡಿಯುವ ಒಂದು ಲಿಥಿಯಂ ಬ್ಯಾಟರಿ. ನಮ್ಮದು ನೋಡಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ಭಾವ ಕೂಡ ಅದೇ ಕೆಲಸಕ್ಕೆ ಕೈಹಾಕಿದರು. ಅವರಿಗೆ ಬೇಕಾಗಿದ್ದು ಬೇರೆ, ಕೊನೆಗೆ ಹಾಕಿಸಿದ್ದೂ ಬೇರೆ. ಎರಡೂ ಮನೆಯ ಅನುಭವ ಸೇರಿಸಿ ಬರೆಯುತ್ತಿದ್ದೇನೆ.

ಬಿಲ್ಲಿಗಾ, ಕರೆಂಟ್ ಹೋದಾಗಕ್ಕಾ?

ಕಾಂಟ್ರಾಕ್ಟರ್‌ಗೆ ಫೋನ್ ಮಾಡುವ ಮೊದಲು ಇದನ್ನು ಮನೆಯವರೆಲ್ಲ ಕೂತು ಮಾತಾಡಿ. ಬಿಲ್ ಕಮ್ಮಿ ಆಗಬೇಕಾ, ಕರೆಂಟ್ ಹೋದಾಗ ಮನೆ ನಡೆಯಬೇಕಾ? ಎರಡಕ್ಕೂ ಔಷಧಿ ಒಂದೇ ಅಲ್ಲ. ಬಿಲ್ಲಿಗೆ ಪ್ಯಾನೆಲ್, ಪವರ್ ಕಟ್‌ಗೆ ಬ್ಯಾಟರಿ.

ನೆಟ್ ಮೀಟರಿಂಗ್ ಇರುವ ಮನೆಯಲ್ಲಿ ಹಗಲು ಉಳಿದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ನಾವು ಲೈನಿನಿಂದ ವಾಪಸ್ ತಗೊಳ್ಳುತ್ತೇವೆ, ತಿಂಗಳ ಕೊನೆಗೆ ಎರಡನ್ನೂ ಕಳೆದು ಉಳಿದದ್ದಕ್ಕೆ ಬಿಲ್. ಅಂದರೆ ಗ್ರಿಡ್ಡೇ ನಮ್ಮ ಬ್ಯಾಟರಿ. ಅದೂ ಸವೆಯದ ಬ್ಯಾಟರಿ. ನಿಜವಾದ ಬ್ಯಾಟರಿಗೆ 10 ಯೂನಿಟ್ ತುಂಬಿದರೆ ವಾಪಸ್ ಬರುವುದು ಎಂಟೂವರೆ, ಒಂಬತ್ತು. ಹಾಗಿರುವಾಗ ಬಿಲ್ ಉಳಿಸಲು ಬ್ಯಾಟರಿ ಹಾಕಿಸಿ ಅಂತ ಯಾರಾದರೂ ಹೇಳಿದರೆ, ಅವರ ಹತ್ತಿರ ಮಾರಾಟಕ್ಕೆ ಬ್ಯಾಟರಿ ಇದೆ ಅಂತ ಅರ್ಥ, ಅಷ್ಟೇ. ಮುಂದೆ ಸ್ಮಾರ್ಟ್ ಮೀಟರ್ ಬಂದು ಮನೆಗಳಿಗೂ ಹಗಲಿಗೊಂದು ದರ, ಸಂಜೆಗೊಂದು ದರ ಅಂತಾದರೆ ಈ ಲೆಕ್ಕ ಬದಲಾಗುತ್ತದೆ. ಆದರೆ ಇವತ್ತಿನ ದುಡ್ಡು ಇವತ್ತಿನ ಲೆಕ್ಕಕ್ಕೆ ಹಾಕಬೇಕು ಅಲ್ವಾ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಸೋಲಾರ್ ಹಾಕಿಸಿದ ಮೇಲೇ ಗೊತ್ತಾಗುತ್ತದೆ. ಕರೆಂಟ್ ಹೋದರೆ ಮಾಮೂಲಿ ಸೋಲಾರ್ ಕೂಡ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ, ಸುಡುಬಿಸಿಲು, ತಾರಸಿ ತುಂಬ ಪ್ಯಾನೆಲ್, ಕೆಳಗೆ ಫ್ಯಾನ್ ಮಾತ್ರ ತಿರುಗುತ್ತಿಲ್ಲ. ಅದು ದೋಷವಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಲೈನ್‌ಮನ್ ಕಂಬದ ಮೇಲೆ ಕೆಲಸ ಮಾಡುವಾಗ ನಮ್ಮ ಮನೆಯಿಂದ ಕರೆಂಟ್ ಹೋಗಿ ಅವನಿಗೆ ಹೊಡೆಯಬಾರದು. ಹಗಲು ಕೂಡ ಮನೆ ನಡೆಯಬೇಕಂದರೆ ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕೇ ಬೇಕು.

ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ಹೆಚ್ಚಿನ ಪ್ಯಾನೆಲ್ ಸದ್ಯಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮದು 200 ಯೂನಿಟ್ ದಾಟಿದ ಮನೆ, ಹಾಗಾಗಿ ಲೆಕ್ಕ ಕೂಡಿಬಂತು.

ಹಳೆ ಕಾಗದ ಹುಡುಕಿ

ಹಳೆ ಒಪ್ಪಂದದ ಪ್ರತಿ, ಚಾಲನೆ ಕೊಟ್ಟ ದಿನದ ವರದಿ, ಇನ್ವರ್ಟರ್ ಮತ್ತು ಪ್ಯಾನೆಲ್‌ಗಳ ವಾರಂಟಿ, ಇತ್ತೀಚಿನ ಬಿಲ್. ಇಷ್ಟನ್ನೂ ಮುಂದಿಟ್ಟುಕೊಂಡು ಮೂರು ವಿಷಯ ನೋಡಿ.

ಒಂದು, ನಿಮ್ಮದು ನೆಟ್ ಮೀಟರಿಂಗಾ ಗ್ರಾಸ್ ಮೀಟರಿಂಗಾ. ಗ್ರಾಸ್ ಆದರೆ ತಯಾರಾದದ್ದೆಲ್ಲ ಮಾರಾಟ, ಬಳಸಿದ್ದೆಲ್ಲ ಖರೀದಿ. ನಾನು ಇಲ್ಲಿ ಹೇಳುವ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಎರಡು, ಒಪ್ಪಂದದಲ್ಲಿರುವ ದರ. ಹೆಚ್ಚುವರಿ ಯೂನಿಟ್‌ಗೆ ಕಂಪನಿ ಎಷ್ಟು ಕೊಡಬೇಕು ಅನ್ನುವುದನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. 2013ರ ಆದೇಶದಲ್ಲಿ ಸಬ್ಸಿಡಿ ತಗೊಳ್ಳದ ಮನೆಗೆ ಅದು ಯೂನಿಟ್‌ಗೆ 9 ರೂಪಾಯಿ 56 ಪೈಸೆ ಇತ್ತು, ಸಬ್ಸಿಡಿ ತಗೊಂಡವರಿಗೆ 7 ರೂಪಾಯಿ 20 ಪೈಸೆ. ಆಮೇಲೆ ಬಂದ ಆದೇಶಗಳಲ್ಲಿ ಇಳಿಯುತ್ತಲೇ ಬಂತು, ಈಗ ನಾವು ಕೊಳ್ಳುವ ದರಕ್ಕಿಂತ ಎಷ್ಟೋ ಕಮ್ಮಿ. ನೀವು ಆ ಹಳೆ ಕಾಲದ ಪುಣ್ಯವಂತರಲ್ಲಿ ಒಬ್ಬರಾಗಿದ್ದರೆ ದಯವಿಟ್ಟು ಆ ವ್ಯವಸ್ಥೆಯನ್ನು ಮುಟ್ಟಬೇಡಿ. ಒಪ್ಪಂದ 25 ವರ್ಷದ್ದು. ಹೊಸ ಪ್ಯಾನೆಲ್ ಸೇರಿಸಿದರೆ ಹಳೆ ದರಕ್ಕೆ ಏನಾಗುತ್ತದೆ ಅಂತ ಕಚೇರಿಯಲ್ಲಿ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ತಗೊಳ್ಳಿ.

ಮೂರು, ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಅಂತ ವಿದ್ಯುತ್ ಕಂಪನಿ ಒಪ್ಪಿರುವುದು. ಬಿಲ್ಲಿನಲ್ಲೇ ಇರುತ್ತದೆ. ನಮ್ಮದು 3 ಕಿಲೋವ್ಯಾಟ್ ಇತ್ತು.

ದುಡ್ಡಿನ ಲೆಕ್ಕ

ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಜಾಸ್ತಿ, ಜುಲೈನಲ್ಲಿ ಕಮ್ಮಿ. 2 ಕಿಲೋವ್ಯಾಟ್ ಸೇರಿಸಿದರೆ ದಿನಕ್ಕೆ 8, ತಿಂಗಳಿಗೆ 240. ಆಯೋಗದ 2025ರ ಆದೇಶದಂತೆ 2025-26ರಲ್ಲಿ ಮನೆಗಳಿಗೆ ಯೂನಿಟ್ ದರ 5 ರೂಪಾಯಿ 80 ಪೈಸೆ. ಅಂದರೆ ತಿಂಗಳಿಗೆ ಸುಮಾರು 1,390 ರೂಪಾಯಿ ಉಳಿತಾಯ. ಬಿಲ್ಲಿನಲ್ಲಿ ಸೇರುವ ಬೇರೆ ಬಾಬತ್ತುಗಳನ್ನು ಬಿಟ್ಟಿದ್ದೇನೆ.

ಈಗ ಯಾರೂ ಹೇಳದ ಖರ್ಚು. ಪ್ಯಾನೆಲ್ ಜೊತೆ ಮಂಜೂರಾದ ಲೋಡ್ ಕೂಡ 3ರಿಂದ 5ಕ್ಕೆ ಏರಿದರೆ ಫಿಕ್ಸೆಡ್ ಚಾರ್ಜ್ ಏರುತ್ತದೆ. ಅದೇ ಆದೇಶದಲ್ಲಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಎರಡಕ್ಕೆ 290. ವರ್ಷಕ್ಕೆ 3,480. ಬಿಸಿಲಿರಲಿ ಮಳೆಯಿರಲಿ, ಕಟ್ಟಲೇಬೇಕು. ಹಾಗಾಗಿ ಕೈಗೆ ಸಿಗುವುದು ತಿಂಗಳಿಗೆ 1,100. ನೀವು ತಗೊಂಡ ಕೊಟೇಶನ್‌ನ ಮೊತ್ತವನ್ನು ಇದರಿಂದ ಭಾಗಿಸಿ, ದುಡ್ಡು ವಾಪಸ್ ಬರಲು ಎಷ್ಟು ತಿಂಗಳು ಅಂತ ನೀವೇ ನೋಡಿ. ಬ್ಯಾಟರಿಯ ಬೆಲೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ನೆಮ್ಮದಿಗೆ ಕೊಡುವ ದುಡ್ಡು.

ತಿಂಗಳಿಗೆ ನೀವು ಕೊಳ್ಳುತ್ತಿರುವುದು 100 ಯೂನಿಟ್ ಮಾತ್ರ ಆಗಿದ್ದು, 240 ಯೂನಿಟ್ ಕೊಡುವ ಪ್ಯಾನೆಲ್ ಹಾಕಿಸಿದರೆ ಉಳಿದ 140 ಹೋಗುವುದು ಕಮ್ಮಿ ದರಕ್ಕೆ. ಆಗ ಮೇಲಿನ ಲೆಕ್ಕ ನೆಲಕಚ್ಚುತ್ತದೆ. ತಾರಸಿಯಲ್ಲಿ ಜಾಗ ಇದೆ ಅಂತ ಪ್ಯಾನೆಲ್ ಹಾಕಿಸಬೇಡಿ, 12 ತಿಂಗಳ ಬಿಲ್ ನೋಡಿ ಹಾಕಿಸಿ.

ಸಬ್ಸಿಡಿ ವಿಷಯ ಬೇಗ ಮುಗಿಸುತ್ತೇನೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅಲ್ಲಿಗೆ ಮುಗಿಯಿತು. ನಮ್ಮ ಹಾಗೆ ಈಗಾಗಲೇ ಸಬ್ಸಿಡಿಯಲ್ಲಿ 3 ಕಿಲೋವ್ಯಾಟ್ ಹಾಕಿಸಿಕೊಂಡವರಿಗೆ ಮೇಲಿನದಕ್ಕೆ ಏನೂ ಸಿಗುವುದಿಲ್ಲ. ಬ್ಯಾಟರಿಗಂತೂ ಇಲ್ಲವೇ ಇಲ್ಲ. ಪ್ಯಾನೆಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಹಳೆ ದರ ಹಾಕಿದ್ದಾರಾ ಅಂತ ಒಮ್ಮೆ ಕಣ್ಣಾಡಿಸಿ.

ತಾರಸಿ ಹತ್ತಿ ನೋಡಿ

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನೆರಳು ನೋಡಲು ಬೆಳಗ್ಗೆ 9ಕ್ಕೆ, ಮಧ್ಯಾಹ್ನ, ಸಂಜೆ 4ಕ್ಕೆ ಮೂರು ಫೋಟೋ ತೆಗೆದುಕೊಳ್ಳಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೀರಿನ ಟ್ಯಾಂಕಿನ ನೆರಳು ಉತ್ತರಕ್ಕೆ ಉದ್ದ ಬೀಳುತ್ತದೆ. ಜೂನ್‌ನಲ್ಲಿ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ. ಕರ್ನಾಟಕದಲ್ಲಿ ಇದನ್ನು ಮರೆಯುವವರೇ ಜಾಸ್ತಿ. ಹೊಸ ಸಾಲು ಹಳೆ ಸಾಲಿನ ಮೇಲೆ ನೆರಳು ಹಾಕದ ಹಾಗೆ ನೋಡಿಕೊಳ್ಳಿ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿದ ಜಾಗ ಮಾತ್ರ ಉಳಿದಿದ್ದರೂ ತೊಂದರೆಯಿಲ್ಲ, ಇನ್ವರ್ಟರ್‌ನಲ್ಲಿ ಅದಕ್ಕೆ ಬೇರೆ ದಾರಿ ಕೊಟ್ಟರೆ ಸಾಕು.

ಹಳೆ ಪ್ಯಾನೆಲ್, ಹೊಸ ಪ್ಯಾನೆಲ್ ಒಂದೇ ಸಾಲಿಗೆ ಕಟ್ಟಬೇಡಿ

ಇದು ಇಡೀ ಕೆಲಸದ ಹೃದಯ, ಸ್ವಲ್ಪ ನಿಧಾನವಾಗಿ ಓದಿ.

ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನೆಲ್‌ಗಳಲ್ಲಿ ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ನಮ್ಮ ಹಳೆ 335 ವ್ಯಾಟ್ ಪ್ಯಾನೆಲ್ ಹೆಚ್ಚೆಂದರೆ 9 ಆಂಪಿಯರ್‌ಗೆ ಹತ್ತಿರ ಕೊಡುತ್ತದೆ, ಹೊಸ 540 ವ್ಯಾಟ್‌ನದು 13. ಎರಡನ್ನೂ ಒಂದೇ ಸರಕ್ಕೆ ಪೋಣಿಸಿದರೆ ಹೊಸದು ಕೂಡ 9ಕ್ಕೇ ನಿಲ್ಲುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಗಾಡಿ ಅದರ ವೇಗಕ್ಕೇ ಹೋಗುವ ಹಾಗೆ.

ಅದಕ್ಕೇ ಎರಡು ಎಂಪಿಪಿಟಿ ಇರುವ ಇನ್ವರ್ಟರ್ ನೋಡಬೇಕು. ಎಂಪಿಪಿಟಿ ಅಂದರೆ ಪ್ಯಾನೆಲ್ ಸರದಿಂದ ಆ ಕ್ಷಣಕ್ಕೆ ಎಷ್ಟು ಹಿಂಡಬಹುದೋ ಅಷ್ಟು ಹಿಂಡುವ ಭಾಗ. ಒಂದಕ್ಕೆ ಹಳೆ 9, ಇನ್ನೊಂದಕ್ಕೆ ಹೊಸ 4. ಆಮೇಲೆ ವೋಲ್ಟೇಜ್ ಲೆಕ್ಕ ಎರಡು ಕಡೆ ಹಾಕಬೇಕು. ಚಳಿ ಬೆಳಗ್ಗೆ ಪ್ಯಾನೆಲ್ ವೋಲ್ಟೇಜ್ ಏರುತ್ತದೆ: 46 ವೋಲ್ಟ್‌ನ 9 ಪ್ಯಾನೆಲ್ 414, ಡಿಸೆಂಬರ್ ಚಳಿಗೆ 430 ಹತ್ತಿರ. ಇನ್ವರ್ಟರ್‌ನ ಗರಿಷ್ಠ ಮಿತಿ ಇದಕ್ಕಿಂತ ಮೇಲಿರಬೇಕು, ದಾಟಿದರೆ ಇನ್ವರ್ಟರ್ ಸುಡುತ್ತದೆ, ವಾರಂಟಿಯೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಉಲ್ಟಾ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದಿರುತ್ತದೆ, ವೋಲ್ಟೇಜ್ ಇಳಿಯುತ್ತದೆ. ನಮಗೆ ಮೊದಲು ಬಂದ ಕೊಟೇಶನ್‌ನಲ್ಲಿ ಹೊಸ ಪ್ಯಾನೆಲ್ ಮೂರೇ ಇದ್ದವು. 41 ವೋಲ್ಟ್‌ನ ಮೂರು ಅಂದರೆ 123, ಬಿಸಿಯಲ್ಲಿ 106. ಆ ಇನ್ವರ್ಟರ್‌ಗೆ ಕನಿಷ್ಠ 120 ಬೇಕಿತ್ತು. ಅಂದರೆ ಬಿಸಿಲು ಚೆನ್ನಾಗಿರುವ ಹೊತ್ತಿಗೇ ಅದು ಮಲಗಿಬಿಡುತ್ತಿತ್ತು! ನಾಲ್ಕು ಹಾಕಿದರೆ ಬಿಸಿಯಲ್ಲೂ 140. ಹಾಗಾಗಿ ನಾಲ್ಕು. ನಿಮ್ಮ ಪ್ಯಾನೆಲ್‌ನ ಡೇಟಾ ಶೀಟ್‌ನಲ್ಲಿ ಈ ಅಂಕಿಗಳೆಲ್ಲ ಇರುತ್ತವೆ, ಕಾಂಟ್ರಾಕ್ಟರ್ ಹತ್ತಿರ ಕೂತು ಹಾಳೆ ಮೇಲೆ ಗುಣಿಸಿ ತೋರಿಸಿ ಅನ್ನಿ. ತೋರಿಸದವರ ಕೈಗೆ ಕೆಲಸ ಕೊಡಬೇಡಿ.

ಪ್ರತಿ ಎಂಪಿಪಿಟಿ ಎಷ್ಟು ಆಂಪಿಯರ್ ತಗೊಳ್ಳುತ್ತದೆ ಅನ್ನುವುದನ್ನೂ ನೋಡಿ. ಸ್ವಲ್ಪ ಹಳೆ ಮಾದರಿಗಳಲ್ಲಿ 12ಕ್ಕೆ ಮಿತಿ ಇರುತ್ತದೆ, ಈಗಿನ ದೊಡ್ಡ ಪ್ಯಾನೆಲ್‌ಗೆ ಅದು ಸಾಲದು.

ಹಳೆ ಇನ್ವರ್ಟರ್ ಚೆನ್ನಾಗಿದೆ, ಬಿಸಾಡಲು ಮನಸ್ಸಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಅದನ್ನು ಹಾಗೇ ಬಿಟ್ಟು, ಬ್ಯಾಟರಿ ಇರುವ ಹೊಸ ಇನ್ವರ್ಟರ್‌ನ ಬ್ಯಾಕಪ್ ಲೈನಿಗೆ, ಅಂದರೆ ಕರೆಂಟ್ ಹೋದಾಗಲೂ ನಡೆಯುವ ಲೈನಿಗೆ, ಜೋಡಿಸುವುದು. ಕರೆಂಟ್ ಹೋದಾಗ ಹೊಸದು ಪುಟ್ಟ ಗ್ರಿಡ್ ಹಾಗೆ ನಟಿಸುತ್ತದೆ, ಹಳೆಯದು ಅದನ್ನು ನಂಬಿ ಕೆಲಸ ಮಾಡುತ್ತದೆ. ಬ್ಯಾಟರಿ ತುಂಬಿದಾಗ ಹೊಸದು ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ಗಿಂತ ಮೇಲಕ್ಕೆ ಏರಿಸಿ ಹಳೆಯದಕ್ಕೆ ಸಾಕು ನಿಲ್ಲಿಸು ಅಂತ ಸನ್ನೆ ಮಾಡುತ್ತದೆ. ಭಾವ ಮಾಡಿಸಿದ್ದು ಇದನ್ನೇ. ಷರತ್ತು ಎರಡು: ಹೊಸ ಇನ್ವರ್ಟರ್ ಹಳೆಯದರಷ್ಟಾದರೂ ದೊಡ್ಡದಿರಬೇಕು, ಈ ರೀತಿ ಜೋಡಣೆಗೆ ತಯಾರಕರ ಒಪ್ಪಿಗೆ ಇರಬೇಕು.

ಬ್ಯಾಟರಿ ಎಷ್ಟು ಬೇಕು?

ಮನೆ ಪೂರ್ತಿ ನಡೆಸುವ ಆಸೆ ಬಿಡಿ. ಕರೆಂಟ್ ಹೋದಾಗ ಯಾವುದು ನಡೆಯಲೇಬೇಕು ಅಂತ ಪಟ್ಟಿ ಮಾಡಿ. ನಮ್ಮದು ಹೀಗಿತ್ತು: ಫ್ರಿಜ್ ಸರಾಸರಿ 50 ವ್ಯಾಟ್, ಕಮ್ಮಿ ಕರೆಂಟ್ ತಿನ್ನುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಮೂರು, ಲೈಟ್ 50, ವೈಫೈ 12, ಟಿವಿ 80. ಆರು ಗಂಟೆಗೆ ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಮ್ಮಿ. ಅಷ್ಟೇ!

ಮನೆಗಳಿಗೆ ಜಾಸ್ತಿ ಮಾರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 51.2 ವೋಲ್ಟ್, 100 ಆಂಪಿಯರ್ ಅವರ್. ಗುಣಿಸಿದರೆ 5.12 ಯೂನಿಟ್. ಅದರಲ್ಲಿ ಶೇಕಡ 80 ಬಳಸಿದರೂ 4 ಯೂನಿಟ್. ನಮಗೆ ರಾತ್ರಿಯಿಡೀ ಧಾರಾಳ. ಅದೇ 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಹೆಸರಿಗೆ 1.8 ಯೂನಿಟ್, ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಕರಗುತ್ತದೆ, ಹಾಗಾಗಿ ನಿಜಕ್ಕೂ ಸಿಗುವುದು 0.9. ಬೆಲೆ ಹೋಲಿಸುವಾಗ ಹೆಸರಿನ ಯೂನಿಟ್ ಅಲ್ಲ, ಕೈಗೆ ಸಿಗುವ ಯೂನಿಟ್ ಹೋಲಿಸಿ.

ಸಾಗರದಲ್ಲಿ ಕಥೆಯೇ ಬೇರೆ. ಆಷಾಢದ ಮಳೆಗೆ ಮರ ಬಿದ್ದರೆ ಲೈನ್ ಸರಿಯಾಗಲು ಎರಡು ದಿನ ಬೇಕಾಗಬಹುದು, ಆ ಎರಡು ದಿನ ಬಿಸಿಲಿನ ಮುಖವೂ ಇರುವುದಿಲ್ಲ. ಭಾವ ಇಂಥ ಎರಡು ಬ್ಯಾಟರಿ ಹಾಕಿಸಿದರು, ಪ್ಯಾನೆಲ್ ಒಂದೂ ಜಾಸ್ತಿ ಮಾಡಲಿಲ್ಲ. ಸರಿಯಾದ ತೀರ್ಮಾನ. ಮಳೆಗಾಲದಲ್ಲಿ ಅವರಿಗೆ ಕೊರತೆ ಇರುವುದು ಕೂಡಿಡುವ ಜಾಗದ್ದು. ನನಗೆ ಎರಡನೇ ಬ್ಯಾಟರಿ ಸುಮ್ನೆ ದಂಡ.

ನೀರಿನ ಮೋಟಾರ್, ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ, ಎಸಿ ಬ್ಯಾಕಪ್ ಲೈನಿಗೆ ಬೇಡ. 1 ಎಚ್‌ಪಿ ಮೋಟಾರ್ ಓಡುವಾಗ 1 ಕಿಲೋವ್ಯಾಟ್ ಆಸುಪಾಸು, ಆದರೆ ಶುರುವಾಗುವ ಆ ಒಂದು ಕ್ಷಣಕ್ಕೆ ಐದಾರು ಪಟ್ಟು ಎಳೆಯುತ್ತದೆ. ಇನ್ವರ್ಟರ್ ಅಲ್ಲೇ ಕೈಚೆಲ್ಲುತ್ತದೆ.

ಬ್ಯಾಟರಿ ಎಲ್ಲಿಡಬೇಕು ಅಂತ ಮೊದಲೇ ಯೋಚಿಸಿ. ಸುಮಾರು 45, 50 ಕಿಲೋ ತೂಕ. ತಾರಸಿಯ ತಗಡಿನ ಕೋಣೆ ಬೇಡ, ಬಿಸಿಗೆ ಹಾಳಾಗುತ್ತದೆ. ಮೆಟ್ಟಿಲ ಕೆಳಗೆ ಗ್ಯಾಸ್ ಸಿಲಿಂಡರ್ ಪಕ್ಕ ಖಂಡಿತ ಬೇಡ. ಮಲಗುವ ಕೋಣೆಯೂ ಬೇಡ. ನೆರಳಿರುವ, ಗಾಳಿಯಾಡುವ, ಇಟ್ಟಿಗೆ ಗೋಡೆ ಇರುವ ಜಾಗ ಒಳ್ಳೆಯದು. ಇನ್ವರ್ಟರ್‌ನಿಂದ ಒಂದೆರಡು ಮೀಟರ್ ಒಳಗಿರಲಿ. 5 ಕಿಲೋವ್ಯಾಟ್ ಎಳೆದರೆ ಈ ವೋಲ್ಟೇಜ್‌ನಲ್ಲಿ 100 ಆಂಪಿಯರ್ ಹರಿಯುತ್ತದೆ, ತಂತಿ ಉದ್ದವಾದಷ್ಟೂ ನಷ್ಟ ಮತ್ತು ಬಿಸಿ.

ಬ್ಯಾಟರಿ ಮತ್ತು ಇನ್ವರ್ಟರ್ ಒಂದರ ಭಾಷೆ ಒಂದಕ್ಕೆ ಅರ್ಥವಾಗಬೇಕು. ಬ್ಯಾಟರಿಯನ್ನು ಒಳಗಿನಿಂದ ಕಾಯುವ ಬಿಎಂಎಸ್ ಅನ್ನುವ ಸರ್ಕ್ಯೂಟ್, ಇನ್ವರ್ಟರ್ ಜೊತೆ ಒಂದು ಡೇಟಾ ತಂತಿಯಲ್ಲಿ ಮಾತಾಡುತ್ತಿರುತ್ತದೆ. ಇನ್ವರ್ಟರ್ ತಯಾರಕರು ಕೊಡುವ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಬ್ಯಾಟರಿ ಮಾದರಿ ಇದೆಯಾ ನೋಡಿ. ಇಲ್ಲದಿದ್ದರೂ ನಡೆಯುತ್ತೆ ಬಿಡಿ ಸಾರ್ ಅಂದರೆ ನೀವೇ ನಡೆದು ಹೊರಗೆ ಬನ್ನಿ.

ಅರ್ಜಿ ಮೊದಲು, ಕಬ್ಬಿಣ ಆಮೇಲೆ

ಇಲ್ಲಿಯವರೆಗಿನದೆಲ್ಲ ಹಾಳೆ ಮೇಲಿನ ಕೆಲಸ. ಯಾವ ಪ್ಯಾನೆಲ್, ಯಾವ ಇನ್ವರ್ಟರ್, ಯಾವ ಬ್ಯಾಟರಿ ಅಂತ ಆರಿಸಿದ್ದೀರಿ, ದುಡ್ಡು ಇನ್ನೂ ಕೊಟ್ಟಿಲ್ಲ. ಹಾಗೇ ಇರಲಿ.

ನಮ್ಮ ಮೊದಲ ಕಾಂಟ್ರಾಕ್ಟರ್, "ಮೊದಲು ಫಿಟ್ ಮಾಡ್ಬಿಡೋಣ ಸಾರ್, ಪೇಪರ್ ನಿಧಾನಕ್ಕೆ ಮಾಡಿಸ್ತೀನಿ" ಅಂದರು. ನಾನು ತಲೆ ಆಡಿಸುವುದರಲ್ಲಿದ್ದೆ. ನನ್ನ ಹೆಂಡತಿ ಅಡುಗೆ ಮನೆಯಿಂದಲೇ, "ಆಮೇಲೆ ಅವ್ರು ಬೇಡ ಅಂದ್ರೆ ಈ ಕಬ್ಬಿಣ ಯಾರು ಇಳಿಸ್ತಾರೆ?" ಅಂತ ಕೇಳಿದಳು. ಅವರ ಹತ್ತಿರ ಉತ್ತರ ಇರಲಿಲ್ಲ. ಅನುಮತಿಗಿಂತ ಜಾಸ್ತಿ ಪ್ಯಾನೆಲ್ ಲೈನಿಗೆ ಜೋಡಿಸುವುದು ಒಪ್ಪಂದ ಮುರಿದ ಹಾಗೆ, ಇದ್ದ ನೆಟ್ ಮೀಟರಿಂಗ್‌ಗೂ ಕುತ್ತು.

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಐದರಲ್ಲಿ ನಿಮ್ಮದು ಯಾವುದೋ ಅದರ ಉಪವಿಭಾಗ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಅರ್ಜಿ ಆನ್‌ಲೈನ್ ಆದರೂ, ಹೋಗಿ ಮಾತಾಡಿ ಬಂದರೆ ಯಾವ ಕಾಗದ ಬೇಕು ಅನ್ನುವುದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಆರ್‌ಆರ್ ನಂಬರ್, ಮನೆ ದಾಖಲೆ, ಕಂದಾಯ ರಸೀದಿ, ಹಳೆ ಒಪ್ಪಂದ, ಪ್ಯಾನೆಲ್ ಮತ್ತು ಇನ್ವರ್ಟರ್‌ನ ಪರೀಕ್ಷಾ ಪ್ರಮಾಣಪತ್ರ, ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ, ಇಡೀ ವ್ಯವಸ್ಥೆಯ ಒಂದು ಗೆರೆ ನಕ್ಷೆ. ಈ ನಕ್ಷೆಯಲ್ಲಿ ಹಳೆ ಪ್ಯಾನೆಲ್, ಹೊಸ ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ, ಬ್ಯಾಕಪ್ ಲೈನ್, ಮೀಟರ್ ಎಲ್ಲ ಇರಬೇಕು. ಬ್ಯಾಟರಿಯನ್ನು ಮುಚ್ಚಿಡಬೇಡಿ. ಅದು ಇದೆ ಅಂತ ಕಾಗದದಲ್ಲಿ ಇದ್ದರೆ ಪರಿಶೀಲನೆಗೆ ಬಂದವರಿಗೂ ಅನುಮಾನ ಇಲ್ಲ, ನಾಳೆ ಏನಾದರೂ ಆದರೆ ನಿಮಗೂ ಒಳ್ಳೆಯದು. ಪ್ಯಾನೆಲ್ ಕೇಂದ್ರ ಸರ್ಕಾರ ಒಪ್ಪಿದ ಮಾದರಿಗಳ ಪಟ್ಟಿ, ಅಂದರೆ ಎಎಲ್‌ಎಂಎಂನಲ್ಲಿರುವ ಮಾದರಿಯೇ ಆಗಿರಲಿ.

ನಿಮ್ಮ ಪರವಾಗಿ ಇರುವ ನಿಯಮವೂ ಗೊತ್ತಿರಲಿ. ಗ್ರಾಹಕರ ಹಕ್ಕುಗಳ ಕುರಿತ ವಿದ್ಯುತ್ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ತಾರಸಿ ಸೋಲಾರ್ ಅರ್ಜಿ ಸರಿಯಾಗಿ ತುಂಬಿದ್ದರೆ ಲೈನ್ ತಡೆಯುತ್ತದಾ ಅನ್ನುವ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿದ ಹಾಗೆ. ಬೇಕಾದಷ್ಟು ಲೋಡ್ ಹೆಚ್ಚಿಸುವುದೂ ಕಂಪನಿಯ ಕೆಲಸ. 5 ಕಿಲೋವ್ಯಾಟ್‌ವರೆಗೆ ಲೈನ್, ಟ್ರಾನ್ಸ್‌ಫಾರ್ಮರ್ ಬಲಪಡಿಸಬೇಕಾಗಿ ಬಂದರೆ ಆ ಖರ್ಚೂ ಕಂಪನಿಯದೇ. ನೀವು ಕೆಲಸ ಮುಗಿದ ಪ್ರಮಾಣಪತ್ರ ಕೊಟ್ಟ ಮೇಲೆ 15 ದಿನದೊಳಗೆ ಒಪ್ಪಂದ, ಮೀಟರ್, ಚಾಲನೆ ಆಗಬೇಕು. ಜಗಳಕ್ಕೆ ಅಲ್ಲ, ಎಷ್ಟು ದಿನ ಕಾಯಬೇಕು ಅಂತ ಕೇಳುವಾಗ ಬಾಯಲ್ಲಿ ಈ ಸಾಲು ಇದ್ದರೆ ಮಾತು ಸಲೀಸು.

ಅನುಮತಿ ಪತ್ರ ಕೈಗೆ ಬಂದ ದಿನ ಮುಂಗಡ ಕೊಡಿ. ಪ್ಯಾನೆಲ್ ಬಂದಾಗ ಇನ್ನೊಂದು ಕೆಲಸ: ಹಿಂಬದಿಯ ಸೀರಿಯಲ್ ನಂಬರ್ ಸ್ಟಿಕರ್‌ನ ಫೋಟೋ, ಮೇಲೆ ಏರಿಸುವ ಮೊದಲೇ. ಒಮ್ಮೆ ಬಿಗಿದರೆ ಆ ಸ್ಟಿಕರ್ ನೋಡಲು ತಾರಸಿ ಮೇಲೆ ಅಂಗಾತ ಮಲಗಿ ತೆವಳಬೇಕು. ನಾನು ತೆವಳಿದ್ದೇನೆ.

ಕೂರಿಸುವಾಗ ನಿಂತು ನೋಡಬೇಕಾದ ಮೂರು ಜಾಗ

ಮೊದಲನೆಯದು ನ್ಯೂಟ್ರಲ್. ಬ್ಯಾಕಪ್ ಲೈನಿಗೆ ಬೇರೆಯೇ ಡಿಬಿ (ಸ್ವಿಚ್‌ಗಳಿರುವ ಹಂಚಿಕೆ ಪೆಟ್ಟಿಗೆ) ಬೇಕು, ಫೇಸ್ ಮಾತ್ರ ಅಲ್ಲ, ನ್ಯೂಟ್ರಲ್ ಕೂಡ ಬೇರೆ. ಹಳೆ ಮನೆಗಳಲ್ಲಿ ಎಲ್ಲ ಕೋಣೆಯ ನ್ಯೂಟ್ರಲ್ ಒಂದೇ ಪಟ್ಟಿಗೆ ಬಂದು ಸೇರಿರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಹಾಲ್‌ನ ಫೇಸ್ ತಂದು ಹೊಸ ಡಿಬಿಗೆ ಕೊಟ್ಟ, ನ್ಯೂಟ್ರಲ್ ಹಳೆಯದರಲ್ಲೇ ಬಿಟ್ಟ. ಫ್ಯಾನ್ ಹಾಕಿದ ತಕ್ಷಣ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಟಪ್ ಅಂತ ಬೀಳುತ್ತಿತ್ತು. ಎರಡು ಗಂಟೆ ಫ್ಯಾನ್ ಬಿಚ್ಚಿ ನೋಡಿದ. ಆಮೇಲೆ ಆರ್‌ಸಿಸಿಬಿನೇ ಸರಿಯಿಲ್ಲ, ತೆಗೆದುಬಿಡೋಣ ಅಂದ! ಹೋದ ಕರೆಂಟ್ ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಬೀಳುವುದೇ ಅದರ ಕೆಲಸ. ನ್ಯೂಟ್ರಲ್ ಬಿಡಿಸಿ ತಂದು ಜೋಡಿಸಿದ ಮೇಲೆ ಸರಿಹೋಯಿತು. ಆರ್‌ಸಿಸಿಬಿ ತೆಗೆಯಲು ಯಾರು ಹೇಳಿದರೂ ಒಪ್ಪಬೇಡಿ.

ಎರಡನೆಯದು ಸಿಟಿ. ಮೀಟರ್ ಹತ್ತಿರ ಮುಖ್ಯ ತಂತಿಗೆ ಬಳೆಯ ಹಾಗೆ ಹಾಕುವ ಸಣ್ಣ ಕ್ಲ್ಯಾಂಪ್, ಒಳಗೆ ಬರುತ್ತಿದೆಯಾ ಹೊರಗೆ ಹೋಗುತ್ತಿದೆಯಾ ಅಂತ ಇನ್ವರ್ಟರ್‌ಗೆ ಹೇಳುವುದು ಅದೇ. ಅದರ ಮೇಲೊಂದು ಬಾಣದ ಗುರುತು ಇರುತ್ತದೆ. ನಮ್ಮ ಮನೆಯಲ್ಲಿ ಉಲ್ಟಾ ಹಾಕಿದ್ದರು. ರಾತ್ರಿ 9ಕ್ಕೆ ಆ್ಯಪ್ ತೆಗೆದರೆ ನಾವು ಗ್ರಿಡ್‌ಗೆ 600 ವ್ಯಾಟ್ ಕೊಡುತ್ತಿದ್ದೇವೆ ಅಂತ ತೋರಿಸುತ್ತಿದೆ. ಚಂದ್ರನ ಬೆಳಕಿಗೆ! ಕ್ಲ್ಯಾಂಪ್ ತಿರುಗಿಸಿ ಹಾಕಿದ್ದು ಅರ್ಧ ನಿಮಿಷದ ಕೆಲಸ.

ಮೂರನೆಯದು ಅರ್ಥಿಂಗ್. ಪ್ಯಾನೆಲ್‌ನ ಡಿಸಿ ಕರೆಂಟ್ ಕಡೆಗೆ, ಮನೆಯ ಎಸಿ ಕರೆಂಟ್ ಕಡೆಗೆ, ಮಿಂಚು ತಡೆಗೆ ಬೇರೆ ಬೇರೆ ಗುಂಡಿ. ಹಳೆ ಗುಂಡಿ ಇದೆಯಲ್ಲ ಅಂತ ಬಿಡಬೇಡಿ, ಅಳೆಸಿ, 5 ಓಮ್‌ಗಿಂತ ಕಮ್ಮಿ ಇರಲಿ. ಭಾವನ ಮನೆಯದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಅಲ್ಲಿ ಗುಂಡಿ ಆಳವಾಗಿ ತೋಡಿಸಿ ನೀರು ಹಾಕುತ್ತಿರಬೇಕು. ಮಲೆನಾಡಿನ ಸಿಡಿಲಿಗೆ ಸರ್ಜ್ ತಡೆಯುವ ಎಸ್‌ಪಿಡಿ ಎರಡೂ ಕಡೆ, ಅಂದರೆ ಡಿಸಿಗೂ ಎಸಿಗೂ, ಬೇಕೇ ಬೇಕು.

ಪರಿಶೀಲನೆಯ ದಿನ

ಬಂದವರು ಸೀರಿಯಲ್ ನಂಬರ್ ತಾಳೆ ನೋಡುತ್ತಾರೆ, ಅರ್ಥಿಂಗ್ ನೋಡುತ್ತಾರೆ, ಮೀಟರ್‌ಗೆ ಸೀಲ್ ಹಾಕುತ್ತಾರೆ. ಮುಖ್ಯವಾದ ಪರೀಕ್ಷೆ ಒಂದೇ. ಮೇನ್ ಆಫ್ ಮಾಡಿದಾಗ ನಮ್ಮ ಕಡೆಯಿಂದ ಲೈನಿಗೆ ಒಂದು ಹನಿಯೂ ಹೋಗಬಾರದು. ಬ್ಯಾಟರಿ ಇರುವ ಮನೆಯಲ್ಲಿ ಇದು ನೋಡಲು ವಿಚಿತ್ರ. ಮೇನ್ ಆಫ್ ಆಗಿದೆ, ಹಾಲ್‌ನಲ್ಲಿ ಫ್ಯಾನ್ ತಿರುಗುತ್ತಿದೆ, ಟಿವಿ ಓಡುತ್ತಿದೆ. ಲೈನ್‌ಮನ್ ಟೆಸ್ಟರ್ ಹಿಡಿದು ಮೀಟರ್ ಕಡೆ ಮುಟ್ಟಿ ನೋಡಿದ, ಬೆಳಗಲಿಲ್ಲ. ಒಳಗೆ ಹೋಗಿ ಫ್ಯಾನ್ ನೋಡಿ ಬಂದ, ಮತ್ತೊಮ್ಮೆ ಮುಟ್ಟಿದ. ಮೂರನೇ ಸಲವೂ ಬೆಳಗದಿದ್ದಾಗ "ಸರಿ ಸಾರ್" ಅಂದ. ನೀವೂ ಮೂರು ಸಲ ನೋಡಲಿ ಅನ್ನಿ, ಕಂಬ ಹತ್ತುವವನು ಅವನೇ.

ಅವತ್ತೇ ಮೀಟರ್ ಬಟನ್ ಒತ್ತಿ ಓದುವುದು ಕಲಿತುಕೊಳ್ಳಿ. ಸಾಮಾನ್ಯವಾಗಿ 1.8.0 ಅಂತ ಬಂದರೆ ಒಳಗೆ ಬಂದ ಯೂನಿಟ್, 2.8.0 ಅಂದರೆ ಹೊರಗೆ ಹೋದದ್ದು. ಆರಂಭದ ಎರಡೂ ಅಂಕಿಯ ಫೋಟೋ ತೆಗೆದಿಡಿ.

ಇನ್ವರ್ಟರ್ ಸೆಟ್ಟಿಂಗ್

ಕೂರಿಸಿದವರು ಹೊರಡುವ ಮೊದಲು ಪಾಸ್‌ವರ್ಡ್ ಇಸ್ಕೊಳ್ಳಿ. ಬ್ಯಾಟರಿ ಮಾದರಿ ಸರಿ ಇದೆಯಾ ನೋಡಿ. ಬ್ಯಾಟರಿಯಿಂದ ಗ್ರಿಡ್‌ಗೆ ಕೊಡುವ ಆಯ್ಕೆ ಇದ್ದರೆ ಆಫ್ ಮಾಡಿ, ಅನುಮತಿ ಇರುವುದು ಸೋಲಾರ್ ಕರೆಂಟ್‌ಗೆ. ಬಹಳಷ್ಟು ಇನ್ವರ್ಟರ್‌ಗಳು ಸಂಜೆ ಆದ ಕೂಡಲೇ ಬ್ಯಾಟರಿ ಖಾಲಿ ಮಾಡುವ ಮೋಡ್‌ನಲ್ಲೇ ಬರುತ್ತವೆ. ನೆಟ್ ಮೀಟರಿಂಗ್ ಇರುವವರಿಗೆ ಅದರಿಂದ ಲಾಭ ಇಲ್ಲ, ಸವೆತ ಮಾತ್ರ. ಬ್ಯಾಕಪ್ ಮೋಡ್‌ಗೆ ಹಾಕಿ. ತಿಂಗಳಿಗೊಮ್ಮೆ ಬೇಕಂತಲೇ ಮೇನ್ ಆಫ್ ಮಾಡಿ, ಶೇಕಡ 20ಕ್ಕೆ ಇಳಿಯುವವರೆಗೆ ಮನೆ ನಡೆಸಿ, ಮತ್ತೆ ತುಂಬಿಸಿ. ತೋರಿಸುವ ಶೇಕಡಾವಾರು ದಾರಿ ತಪ್ಪದೆ ಇರುತ್ತದೆ, ಬ್ಯಾಟರಿ ನಿಜಕ್ಕೂ ಕೆಲಸ ಮಾಡುತ್ತದಾ ಅನ್ನುವುದೂ ಕತ್ತಲಾಗುವ ಮೊದಲೇ ಗೊತ್ತಾಗುತ್ತದೆ. ಭಾವ ಮಳೆಗಾಲ ಶುರುವಾಗುವಾಗ ಗ್ರಿಡ್‌ನಿಂದ ಬ್ಯಾಟರಿ ತುಂಬುವ ಆಯ್ಕೆ ಆನ್ ಮಾಡುತ್ತಾರೆ, ದೀಪಾವಳಿ ಹೊತ್ತಿಗೆ ಆಫ್ ಮಾಡುತ್ತಾರೆ.

ಮೊದಲ ಬಿಲ್ ಬಂದಾಗ ಮೀಟರ್ ಮುಂದೆ ನಿಂತು ತಾಳೆ ಹಾಕಿ. ಒಳಗೆ ಬಂದದ್ದು, ಹೊರಗೆ ಹೋದದ್ದು, ಎರಡರ ಹಿಂದಿನ ಅಂಕಿಯೂ ನಿಮ್ಮ ಫೋಟೋದಲ್ಲಿರುವುದಕ್ಕೆ ಹೊಂದಬೇಕು. ಲೋಡ್ 5 ಅಂತ ಬದಲಾಗಿದೆಯಾ, ಫಿಕ್ಸೆಡ್ ಚಾರ್ಜ್ ಅದಕ್ಕೆ ತಕ್ಕ ಹಾಗಿದೆಯಾ ನೋಡಿ. ಹೊರಗೆ ಹೋದ ಯೂನಿಟ್ ಜಾಗದಲ್ಲಿ ಸೊನ್ನೆ ಇದ್ದರೆ ಮುಂದಿನ ತಿಂಗಳು ಸರಿಹೋಗುತ್ತದೆ ಅಂತ ಕಾಯಬೇಡಿ, ಫೋಟೋ ಮತ್ತು ಒಪ್ಪಂದದ ಪ್ರತಿ ಹಿಡಿದು ಅದೇ ವಾರ ಉಪವಿಭಾಗ ಕಚೇರಿಗೆ ಹೋಗಿ. ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.